ಮಿರಗದ ಮಳೆ, ಎರೆನೆಲ ಮತ್ತು ಬಾವಿಯ ನೀರು

“ಅದೇ ಬಾವಿ, ಅದೇ ನೀರು. ಬ್ಯಾಸಗಿ ಪೂರಾ ಕುಡದೇವು, ಏನೂ ಆಗ್ಲಿಲ್ಲ. ಮಿರಗಾ ಕೂಡಿದ ಎಂಟ ದಿನದಾಗ ಮನಿಮಂದಿಗೆಲ್ಲ ಜುಲಾಬು ಯಾಕ ಹತ್ತಿತ್ರಿ ಡಾಕ್ಟರ್ ಸಾಬ್?” ಭಾಲ್ಕಿ ತಾಲ್ಲೂಕಿನ ಸಾಯಗಾಂವ ಭಾಗದಿಂದ ಬರುವ ರೋಗಿಗಳು ಈ ಪ್ರಶ್ನೆಯನ್ನು ನಮಗೆ ಅದೆಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ.

ವೃತ್ತಿಯ ಆರಂಭದ ವರ್ಷಗಳಲ್ಲಿ ನಮ್ಮ ಉತ್ತರ ಸಿದ್ಧವಾಗಿರುತ್ತಿತ್ತು. ವರ್ಷಾ ಋತುವಿನಲ್ಲಿ ಜಠರಾಗ್ನಿ ಮಂದವಾಗುತ್ತದೆ, ವಾತ ಪ್ರಕೋಪಗೊಳ್ಳುತ್ತದೆ, ಅದರಿಂದ ಅತಿಸಾರ. ಕುಟಜಾರಿಷ್ಟ ಕೊಟ್ಟು, ಪಥ್ಯ ಹೇಳಿ ಕಳುಹಿಸುತ್ತಿದ್ದೆವು. ಈ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಒಂದು ವರ್ಷ ಒಂದೇ ಓಣಿಯ ಜನ ಸಾಲಾಗಿ ಬರತೊಡಗಿದಾಗ ನಾವೇ ಹೋಗಿ ಅವರ ಬಾವಿಯನ್ನು ನೋಡಿದೆವು. ಬಾವಿಯಿಂದ ಹತ್ತು ಹೆಜ್ಜೆಗೆ ತಿಪ್ಪೆ. ನಡುವೆ ಬೇಸಿಗೆಗೆ ಬಾಯಿಬಿಟ್ಟಿದ್ದ ಎರೆನೆಲ. ಬಿರುಕುಗಳಲ್ಲಿ ಕೈ ಇಳಿಯುವಂತಿತ್ತು. ರೋಗಿಯ ನಾಡಿ ಹಿಡಿಯುತ್ತಿದ್ದ ನಾವು ಅಲ್ಲಿಯವರೆಗೆ ಅವನು ನಿಂತ ನೆಲವನ್ನು ನೋಡಿಯೇ ಇರಲಿಲ್ಲ.

ಒಂದು ಚಿಟಿಕೆ ಮಣ್ಣಿನಲ್ಲಿಯೂ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿ, ಅನೇಕವು ಉಪಕಾರಿ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಮುಖ್ಯವಾಗಿ ಸ್ಟ್ರೆಪ್ಟೊಮೈಸಿಸ್ ಎಂಬ ಕುಲದ ಜೀವಿಗಳದ್ದು; 1943ರಲ್ಲಿ ಕ್ಷಯರೋಗದ ಔಷಧಿ ಸ್ಟ್ರೆಪ್ಟೊಮೈಸಿನ್ ದೊರೆತದ್ದೂ ಆ ಕುಲದಿಂದಲೇ. ಯಾವ ಜೀವಿ ಎಲ್ಲಿ ಹೆಚ್ಚಬೇಕು, ಯಾವುದು ಅಳಿಯಬೇಕು ಎಂಬುದನ್ನು ತೇವ, ಗಾಳಿ, ಉಷ್ಣ, ಬೆಳಕು, ಆಹಾರ, ಆಮ್ಲ–ಕ್ಷಾರಗಳು ನಿರ್ಧರಿಸುತ್ತವೆ. ಉತ್ತರ ಮತ್ತು ದಕ್ಷಿಣ ಅಮೆರಿಕಗಳ 98 ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ಯಾಕ್ಟೀರಿಯಾಗಳ ವೈವಿಧ್ಯಕ್ಕೆ ಸೀಮೆಯ ಉಷ್ಣತೆಗಿಂತ ಮಣ್ಣಿನ ಆಮ್ಲ–ಕ್ಷಾರ ಗುಣವೇ ಮುಖ್ಯವೆಂದು ಕಂಡುಬಂದಿತು. ನಮ್ಮ ಜಿಲ್ಲೆಯಲ್ಲಿ ಈ ಎರಡೂ ಬಗೆಯ ನೆಲಗಳಿವೆ. ಬೀದರ ಪಟ್ಟಣ ನಿಂತಿರುವುದು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಮೇಲೆ. ಅದು ಆಮ್ಲದ ಕಡೆಗೆ ವಾಲುವ, ನೀರನ್ನು ಬೇಗ ಬಸಿಯುವ ಮಣ್ಣು. ಭಾಲ್ಕಿ, ಔರಾದ ಕಡೆಯ ಎರೆ ಸುಣ್ಣದ ಅಂಶವುಳ್ಳ, ಕ್ಷಾರದ, ನೀರನ್ನು ಹಿಡಿದಿಡುವ ಮಣ್ಣು. ಎರಡರ ಒಳಗಿನ ಜೀವಿಗಳೂ ಒಂದೇ ಆಗಿರಲಾರವು. (ತೊಗರಿಯ ಬೇರಿನ ಗಂಟಿನಲ್ಲಿರುವ ಜೀವಿ ಸೋಯಾ ಬೇರಿಗೆ ಸರಿಹೊಂದದು. ಸೋಯಾವನ್ನು ಹೊಸದಾಗಿ ಬಿತ್ತುವ ಹೊಲಕ್ಕೆ ರೈಜೋಬಿಯಂ ಪುಡಿಯನ್ನು ಬೀಜಕ್ಕೆ ಸವರಿ ಎಂದು ಕೃಷಿ ಇಲಾಖೆಯವರು ಹೇಳುವುದು ಈ ಕಾರಣಕ್ಕೆ.)

ಇನ್ನು ಮಿರಗದ ಮಾತು. ಬೇಸಿಗೆಯಲ್ಲಿ ನೆಲ ಒಣಗಿದಾಗ ಅಸಂಖ್ಯ ಸೂಕ್ಷ್ಮಜೀವಿಗಳು ಸಾಯುತ್ತವೆ, ಕೆಲವು ನಿದ್ರಾವಸ್ಥೆಗೆ ಸರಿಯುತ್ತವೆ. ಮಳೆ ಬಿದ್ದೊಡನೆ ಸತ್ತವುಗಳ ದೇಹ ಬದುಕಿದವುಗಳಿಗೆ ಆಹಾರವಾಗುತ್ತದೆ. ಗಂಟೆಗಳೊಳಗೆ ನೆಲ ಉಸಿರಾಡತೊಡಗುತ್ತದೆ, ಸಾರಜನಕ ಬಿಡುಗಡೆಯಾಗುತ್ತದೆ. ಕೀನ್ಯಾ ದೇಶದಲ್ಲಿ ಕೆಲಸ ಮಾಡಿದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ವಿವರಿಸಿದರು. ಹೊಲಕ್ಕೆ ಇದು ಹಬ್ಬ. ಬಾವಿಗೆ ಮಾತ್ರ ಇದೇ ಕಾಲದಲ್ಲಿ ಬೇರೊಂದು ಗಂಡಾಂತರವಿದೆ.

ಮನುಷ್ಯರ, ದನಗಳ ಕರುಳಿನ ಬ್ಯಾಕ್ಟೀರಿಯಾಗಳಿಗೆ ಹೊರಗಿನ ಲೋಕ ಪರದೇಶ. ಸುಡುವ ಒಣ ನೆಲದ ಮೇಲೆ, ಬಿಸಿಲಿನಲ್ಲಿ, ಅವು ಬೇಗ ಸಾಯುತ್ತವೆ. ತಿಪ್ಪೆಯ ಒಳಗಿನ ತೇವದಲ್ಲಿ, ನೆರಳಿನಲ್ಲಿ, ವಾರಗಟ್ಟಲೆ ಬದುಕುತ್ತವೆ. ಸಾಮಾನ್ಯ ಮಣ್ಣಿನ ಮೂಲಕ ನೀರು ನಿಧಾನವಾಗಿ ಇಳಿಯುವಾಗ ಮಣ್ಣಿನ ಕಣಗಳು ಅವುಗಳನ್ನು ತಡೆಯುತ್ತವೆ, ಮಣ್ಣಿನ ಜೀವಿಗಳು ತಿಂದುಹಾಕುತ್ತವೆ. ಬಿರುಕುಬಿಟ್ಟ ಎರೆಯಲ್ಲಿ ಈ ಸೋಸುವಿಕೆ ನಡೆಯುವುದಿಲ್ಲ. ಮೊದಲ ಮಳೆಯ ನೀರು ತಿಪ್ಪೆಯನ್ನು ತೊಳೆದು, ಬಿರುಕಿನಲ್ಲಿ ನೇರವಾಗಿ ಇಳಿದು ಬಾವಿಯನ್ನು ಸೇರುತ್ತದೆ. ಮುಂದೆ ಮಳೆ ಹಿಡಿದಂತೆ ಎರೆ ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದಲೇ ಮೊದಲ ಮಳೆಗಳ ಕಾಲ ಹೆಚ್ಚು ಅಪಾಯದ್ದು. ಅಷ್ಟರಲ್ಲಿ ನೀರೂ ರಾಡಿಯಾಗಿರುತ್ತದೆ, ಸೂರ್ಯರಶ್ಮಿ ಒಳಗಿಳಿಯದು. ಕೊಳವೆಬಾವಿಯಿದೆ ಎಂದು ನಿಶ್ಚಿಂತರಾಗುವವರು ಕೇಸಿಂಗ್ ಪೈಪಿನ ಸುತ್ತ ನೀರು ನಿಲ್ಲುತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಕೆರೆಯ ನೀರಿನದು ಇನ್ನೊಂದು ಬಗೆ. ಗೊಬ್ಬರ ತೊಳೆದು ಬಂದ ನೀರು ಬೆಚ್ಚಗೆ, ನಿಶ್ಚಲವಾಗಿ, ಬಿಸಿಲಿನಲ್ಲಿ ನಿಂತರೆ ನೀಲಿಹಸಿರು ಪಾಚಿ ಕಟ್ಟುತ್ತದೆ. ಅದರ ಕೆಲವು ಜಾತಿಗಳು ವಿಷಕಾರಿ, ಕುದಿಸಿದರೂ ಆ ವಿಷ ಹೋಗದು; ಅಂಥ ನೀರನ್ನು ದನಗಳಿಗೂ ಕುಡಿಸಬಾರದು. ಬೀದರ ಸಮೀಪದ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿಯಿದೆಯಲ್ಲ, ಅದರ ಕತ್ತಲಲ್ಲಿ ಹರಿಯುವ ನೀರಿಗೆ ಈ ಪಾಚಿಯ ಕಾಟವಿಲ್ಲ, ಬೆಳಕೇ ಇಲ್ಲದ ಮೇಲೆ ಪಾಚಿ ಬದುಕುವುದೆಲ್ಲಿ?

ಆಕಾಶದಿಂದ ಬೀಳುವ ನೀರೆಲ್ಲ ಒಂದೇ, ಬಿದ್ದ ಮೇಲೆ ಅದರ ಗುಣ ದೇಶ ಮತ್ತು ಕಾಲಗಳನ್ನು ಅವಲಂಬಿಸುತ್ತದೆ ಎಂದು ಚರಕ ಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಮಳೆಗಾಲದಲ್ಲಿ ಕುದಿಸಿ ಆರಿಸಿದ ನೀರನ್ನೂ, ಶರತ್ಕಾಲದಲ್ಲಿ ಬಿಸಿಲು ಕಂಡ ತಿಳಿಯಾದ ಹಂಸೋದಕವನ್ನೂ ಅದೇ ಗ್ರಂಥ ವಿಧಿಸುತ್ತದೆ. ಚರಕರು ಬ್ಯಾಕ್ಟೀರಿಯಾವನ್ನು ಕಂಡಿದ್ದರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರ ಉತ್ಸಾಹ ನಮಗೆ ಒಪ್ಪಿಗೆಯಿಲ್ಲ. ಅವರು ಕಂಡದ್ದು ನೀರಿನ ನಡತೆಯನ್ನು, ಅದೇ ಸಾಕಷ್ಟು ದೊಡ್ಡದು.

ಆದ್ದರಿಂದ ಕೆಲಸ ಮಿರಗಕ್ಕೆ ಮುನ್ನವೇ ಆರಂಭವಾಗಬೇಕು. ತಿಪ್ಪೆ, ಶೌಚದ ಗುಂಡಿಗಳು ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ; ಎರೆನೆಲದಲ್ಲಿ ಇನ್ನೂ ದೂರವಿದ್ದರೆ ಒಳಿತು. ಬಾವಿಗೆ ಎತ್ತರದ ಕಟ್ಟೆ, ಸುತ್ತ ಬಿರುಕಿಲ್ಲದ ಸಿಮೆಂಟಿನ ಇಳಿಜಾರು ಬೇಕು. ಮಳೆ ಆರಂಭವಾದ ಮೇಲೆ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ರಾತ್ರಿ ಕಲಸಿ ಬಿಡಬೇಕು. ರಾಡಿ ನೀರಿನಲ್ಲಿ ಕಸವೇ ಕ್ಲೋರಿನ್ನನ್ನು ನುಂಗಿಬಿಡುವುದರಿಂದ ಈ ಪ್ರಮಾಣ ಸಾಲದು. ಅಂಥ ದಿನಗಳಲ್ಲಿ ಮನೆಯಲ್ಲಿ ನಾಲ್ಕು ಪದರು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಕುಡಿಯುವುದೇ ಸರಿ.

ಕುಟಜಾರಿಷ್ಟವನ್ನು ನಾವು ಇಂದಿಗೂ ಕೊಡುತ್ತೇವೆ. ಆದರೆ ಮಗುವಿಗೆ ಭೇದಿಯಾದರೆ ಮೊದಲು ಓಆರ್‌ಎಸ್ ದ್ರಾವಣ, ಜೊತೆಗೆ ವೈದ್ಯರು ಹೇಳಿದಂತೆ 14 ದಿನ ಜಿಂಕ್ ಮಾತ್ರೆ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ನಮ್ಮ ಕಷಾಯಕ್ಕೂ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.