ಖರ್ಚಿನ ಬಾಬನ್ನು ಯಂತ್ರವು ಗುರುತಿಸುವ ಬಗೆ

ಮನೆಯ ಜಮಾಖರ್ಚನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ಹಳೆಯದು. ದಿನಸಿ, ಔಷಧ, ಬೀಜಗೊಬ್ಬರ, ಮಕ್ಕಳ ಶುಲ್ಕ ಎಂದು ಬಾಬುಗಳನ್ನು ಬೇರ್ಪಡಿಸಿ ಬರೆದಾಗಲೇ ಹಣವು ಎಲ್ಲಿ ಸೋರುತ್ತಿದೆಯೆಂಬುದು ತಿಳಿಯುತ್ತದೆ. ಈ ಕೆಲಸವನ್ನು ಈಗ ಮೊಬೈಲಿನಲ್ಲಿರುವ ಆಯವ್ಯಯ ತಂತ್ರಾಂಶಗಳು ತಾವೇ ಮಾಡುತ್ತವೆ. ಹಣ ಕೊಟ್ಟದ್ದು ಯಾತಕ್ಕೆಂದು ಯಾರೂ ಹೇಳದಿದ್ದರೂ ಯಂತ್ರಕ್ಕೆ ಅದು ತಿಳಿಯುವುದು ಹೇಗೆ?

ಸುಲಭವಾದ ಸಂಗತಿಯನ್ನು ಮೊದಲು ನೋಡೋಣ. ಕಾರ್ಡು ಸ್ವೀಕರಿಸುವ ಪ್ರತಿಯೊಂದು ಅಂಗಡಿಗೂ ನಾಲ್ಕು ಅಂಕಿಗಳ ಒಂದು ಸಂಕೇತವಿರುತ್ತದೆ. ೫೪೧೧ ಎಂದರೆ ದಿನಸಿ ಅಂಗಡಿ. ೫೫೪೧ ಎಂದರೆ ಪೆಟ್ರೋಲ್ ಬಂಕು. ೫೯೧೨ ಎಂದರೆ ಔಷಧಾಲಯ. ಈ ಸಂಕೇತವು ದೊರೆತರೆ ಯಂತ್ರವು ಪಟ್ಟಿಯನ್ನು ನೋಡಿ ಬಾಬನ್ನು ಬರೆದುಕೊಳ್ಳುತ್ತದೆ. ಇದರಲ್ಲಿ ಕಲಿಕೆಯೇನೂ ಇಲ್ಲ.

ಆದರೆ ಬ್ಯಾಂಕಿನ ವಿವರದಲ್ಲಿ ಅನೇಕ ವೇಳೆ ಹಣ ಪಡೆದವರ ಹೆಸರು, ಮೊತ್ತ, ದಿನಾಂಕ ಇಷ್ಟೇ ಇರುತ್ತವೆ. ೨೦೧೬ರಲ್ಲಿ ಆರಂಭವಾದ ಯುಪಿಐ ಪದ್ಧತಿಯು ಹಳ್ಳಿಹಳ್ಳಿಗೂ ಹಬ್ಬಿದ ಮೇಲೆ ಇಂತಹ ಸಾಲುಗಳು ಹೇರಳವಾಗಿವೆ. ಇಲ್ಲಿ ಯಂತ್ರಕ್ಕೆ ನೆರವಾಗುವುದು ಸಂಭಾವ್ಯತೆಯ ಗಣಿತ. ಇದರ ಮೂಲಸೂತ್ರವು ಇಂಗ್ಲೆಂಡಿನ ಪಾದ್ರಿ ತಾಮಸ್ ಬೇಯ್ಸನದು. ಆತನ ಪ್ರಬಂಧವು ಪ್ರಕಟವಾದದ್ದು ಆತನು ತೀರಿಕೊಂಡ ಎರಡು ವರ್ಷಗಳ ಮೇಲೆ, ೧೭೬೩ರಲ್ಲಿ. ಲೇಖನಗಳಲ್ಲಿರುವ ಪದಗಳನ್ನು ಎಣಿಸಿ, ಅವು ಯಾವ ವಿಷಯಕ್ಕೆ ಸೇರಿದವೆಂದು ಗಣಕದಿಂದಲೇ ನಿರ್ಣಯಿಸುವ ಪ್ರಯೋಗವನ್ನು ಅಮೆರಿಕದ ಎಂ. ಇ. ಮೇರನ್ ೧೯೬೧ರಲ್ಲಿ ಪ್ರಕಟಿಸಿದರು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಹತ್ತಿ ಬೆಳೆಗಾರರೊಬ್ಬರು ತಮ್ಮ ೧೦೦ ಪಾವತಿಗಳಿಗೆ ತಾವೇ ಬಾಬು ಬರೆದಿದ್ದಾರೆ: ೬೦ ದಿನಸಿ, ೪೦ ಬೇಸಾಯ. ‘ಟ್ರೇಡರ್ಸ್’ ಎಂಬ ಪದವು ದಿನಸಿಯ ೧೫ ಸಾಲುಗಳಲ್ಲಿಯೂ ಬೇಸಾಯದ ೧೦ ಸಾಲುಗಳಲ್ಲಿಯೂ ಇದೆ, ಎರಡರಲ್ಲಿಯೂ ಕಾಲುಭಾಗ. ಆದ್ದರಿಂದ ಅದು ಯಾವ ಪಕ್ಷಕ್ಕೂ ಸಾಕ್ಷಿ ನುಡಿಯದು. ‘ಆಗ್ರೋ’ ಎಂಬ ಪದವಾದರೋ ದಿನಸಿಯಲ್ಲಿ ೧ ಸಲ, ಬೇಸಾಯದಲ್ಲಿ ೨೦ ಸಲ ಬಂದಿದೆ. ಈಗ ‘ಆಗ್ರೋ ಟ್ರೇಡರ್ಸ್’ ಎಂಬ ಹೊಸ ಸಾಲು ಬಂದಿತೆನ್ನಿ. ದಿನಸಿಯ ಪಾಲು ೬೦ × ೧/೪ × ೧/೬೦, ಅಂದರೆ ಕಾಲು. ಬೇಸಾಯದ ಪಾಲು ೪೦ × ೧/೪ × ೧/೨, ಅಂದರೆ ಐದು. ಒಂದಕ್ಕೆ ಇಪ್ಪತ್ತರ ಪ್ರಮಾಣ! ಯಂತ್ರವು ಸುಮಾರು ನೂರಕ್ಕೆ ೯೫ರ ಭರವಸೆಯಿಂದ ‘ಬೇಸಾಯ’ ಎಂದು ಬರೆಯುತ್ತದೆ. ಗೊಬ್ಬರವೆಂದರೇನೆಂಬುದು ಅದಕ್ಕೆ ತಿಳಿಯದು. ತಿಳಿದಿರುವುದು ಎಣಿಕೆ ಮಾತ್ರ. ಇಂದಿನ ತಂತ್ರಾಂಶಗಳು ಇದಕ್ಕಿಂತ ಜಟಿಲವಾದ ವಿಧಾನಗಳನ್ನೂ ಬಳಸುತ್ತವೆ. ಮೊತ್ತವನ್ನೂ ದಿನಾಂಕವನ್ನೂ ಗಣನೆಗೆ ತೆಗೆದುಕೊಳ್ಳುತ್ತವೆ. ಆದರೂ ಗುರುತು ಹಚ್ಚಿದ ಹಳೆಯ ಸಾಲುಗಳಿಂದ ಹೊಸದನ್ನು ಊಹಿಸುವ ತತ್ತ್ವವು ಬದಲಾಗಿಲ್ಲ.

ಯಂತ್ರದ ಬಲವೂ ದೌರ್ಬಲ್ಯವೂ ಇದರಲ್ಲಿಯೇ ಅಡಗಿವೆ. ಮಹಾನಗರದ ಖರ್ಚುಗಳಿಂದಲೇ ಪಾಠ ಕಲಿತ ಯಂತ್ರಕ್ಕೆ ‘ಬೇಸಾಯ’ವೆಂಬ ಬಾಬೇ ಇಲ್ಲದಿರಬಹುದು. ಆಗ ಬಿತ್ತನೆಯ ಬೀಜವೂ ಹಬ್ಬದ ಬಟ್ಟೆಯೂ ‘ಖರೀದಿ’ ಎಂಬ ಒಂದೇ ಬುಟ್ಟಿಗೆ ಬೀಳುತ್ತವೆ. ಬೀಜಕ್ಕೆ ಹಾಕಿದ ಹಣ ಬೆಳೆಯಾಗಿ ಮರಳಬೇಕಾದ ಬಂಡವಾಳ. ಅದನ್ನು ದುಂದುವೆಚ್ಚವೆಂದು ತೋರಿಸುವ ಲೆಕ್ಕವು ಮನೆಯವರನ್ನೂ ದಾರಿತಪ್ಪಿಸುತ್ತದೆ, ಅದನ್ನು ನೋಡಿ ಸಾಲ ಕೊಡುವವರನ್ನೂ ದಾರಿತಪ್ಪಿಸುತ್ತದೆ. ಇನ್ನು ತರಕಾರಿಯವರಿಗೆ ಕೊಟ್ಟ ಹಣ ಅವರ ಸ್ವಂತ ಹೆಸರಿಗೆ ಹೋದರೆ, ಆ ಹೆಸರಿನಿಂದ ಯಂತ್ರವು ಏನನ್ನು ತಾನೆ ಊಹಿಸೀತು?

ಇದಕ್ಕೆ ಪರಿಹಾರವು ಬಳಸುವವರ ಕೈಯಲ್ಲಿಯೇ ಇದೆ. ತಪ್ಪಾದ ಬಾಬನ್ನು ತಿದ್ದಿದಾಗ, ತಿದ್ದುಪಡಿಯಿಂದ ಕಲಿಯುವ ತಂತ್ರಾಂಶದಲ್ಲಿ ಆ ಎಣಿಕೆಯೂ ಬದಲಾಗಿ, ಮುಂದಿನ ಊಹೆ ಸರಿಹೋಗುತ್ತದೆ. ವಿದ್ಯಾರ್ಥಿಗಳು ತಮ್ಮ ಮನೆಯ ಒಂದು ತಿಂಗಳ ಲೆಕ್ಕವನ್ನು ತೆಗೆದುಕೊಂಡು, ಕಾಗದ ಪೆನ್ಸಿಲುಗಳಿಂದಲೇ ಪದಗಳನ್ನು ಎಣಿಸಿ ನೋಡಬಹುದು. ಯಂತ್ರದ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬೇಕು, ಎಲ್ಲಿ ಪ್ರಶ್ನಿಸಬೇಕು ಎಂಬುದು ಆಗ ತಾನಾಗಿಯೇ ಸ್ಪಷ್ಟವಾಗುವುದು.