ಬಿಸಿಲು, ನರಹುಲಿ ಮತ್ತು ಚರ್ಮದ ಕಾವಲು

ಹಾನಗಲ್ಲ ಸೀಮೆಯ ಆಡೂರಿನ ಹೊಲಗಳಲ್ಲಿ ಗೋವಿನಜೋಳದ ಕಳೆ ತೆಗೆಯುವವರು ಮುಂಜಾನೆಯಿಂದ ಸಂಜೆಯವರೆಗೆ ಬಿಸಿಲಿಗೆ ಬೆನ್ನು ಕೊಟ್ಟಿರುತ್ತಾರೆ. ಇಷ್ಟೊಂದು ಬಿಸಿಲುಂಡ ಚರ್ಮಕ್ಕೆ ಕ್ಯಾನ್ಸರ್ ಬರುವುದು ಮಾತ್ರ ಅಪರೂಪ. ಅದೇ ಸೂರ್ಯನ ಕೆಳಗೆ ಬಾಳುವ ಆಸ್ಟ್ರೇಲಿಯದ ಬಿಳಿಯರಲ್ಲಿ ಆ ರೋಗ ಬಹಳ ಹೆಚ್ಚು. ಎಲ್ಲವನ್ನೂ ಬಿಸಿಲಿನ ತಲೆಗೇ ಕಟ್ಟುವಂತಿಲ್ಲ ಎಂಬುದಕ್ಕೆ ಇಷ್ಟೇ ಸಾಕು. ಬಿಸಿಲು, ಚರ್ಮದ ಮೇಲೆ ವಾಸಿಸುವ ವೈರಸ್ಸುಗಳು, ಇವೆರಡನ್ನೂ ಅಂಕೆಯಲ್ಲಿಡುವ ದೇಹದ ಕಾವಲು, ಈ ಮೂರರ ಸಂಬಂಧವನ್ನು ವಿವರಿಸುವುದು ನನ್ನ ಉದ್ದೇಶ. ನಮ್ಮ ಕಡೆಯ ಮದುವೆಯ ಪದ್ಧತಿಗೂ ಇದಕ್ಕೂ ನಂಟುಂಟು.

ಮೊದಲು ಬಿಸಿಲಿನ ಮಾತು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವು ಜೀವಕೋಶದೊಳಗಿನ ಡಿ.ಎನ್.ಎ. ಎಳೆಯನ್ನು ತಾಕಿದಾಗ ಅಲ್ಲಿ ಅಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೋಶವು ಆ ಭಾಗವನ್ನು ಕತ್ತರಿಸಿ ತೆಗೆದು ಹೊಸದಾಗಿ ಬರೆದುಕೊಳ್ಳುತ್ತದೆ. ತಿದ್ದಲಾಗದಷ್ಟು ಕೆಟ್ಟಿದ್ದರೆ ತಾನೇ ಸಾಯುತ್ತದೆ. ತಪ್ಪನ್ನು ಹೊತ್ತು ಸಾಯದೆ ಉಳಿದ ಕೋಶವೇ ಅಪಾಯದ್ದು. ಬಿಸಿಲನ್ನು ಕೊಂಚವೂ ತಾಳದ ಒಂದು ವಂಶಪಾರಂಪರ್ಯ ರೋಗದಲ್ಲಿ ಈ ತಿದ್ದುವ ಶಕ್ತಿಯೇ ಕುಂದಿರುತ್ತದೆಂದು ಜೇಮ್ಸ್ ಕ್ಲೀವರ್ ಎಂಬ ವಿಜ್ಞಾನಿ 1968ರಲ್ಲಿ ತೋರಿಸಿದರು. ಅಂಥ ಮಕ್ಕಳಿಗೆ ಎಳವೆಯಲ್ಲೇ ಚರ್ಮದ ಕ್ಯಾನ್ಸರ್ ಬರುವುದುಂಟು. ನಮ್ಮ ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಎಂಬ ವಸ್ತು ಪ್ರತಿ ಕೋಶದ ತಿರುಳಿಗೂ ಕೊಡೆ ಹಿಡಿದಂತೆ ನಿಂತಿರುತ್ತದೆ. ಹುಟ್ಟಿನಿಂದಲೇ ಆ ಬಣ್ಣವಿಲ್ಲದವರಿಗೆ ಆಡೂರಿನ ಬಿಸಿಲೂ ಆಸ್ಟ್ರೇಲಿಯದ ಬಿಸಿಲಿನಷ್ಟೇ ಕಠೋರ.

ಇನ್ನು ವೈರಸ್ಸು. ಅದು ಕ್ಯಾನ್ಸರ್ ತರಬಲ್ಲದೆಂಬ ಮಾತು ಹೊಸದಲ್ಲ. ಪೇಟನ್ ರೌಸ್ 1911ರಲ್ಲಿ ಕೋಳಿಯ ಗಡ್ಡೆಯ ರಸವನ್ನು ಜೀವಕೋಶಗಳು ದಾಟಲಾರದಷ್ಟು ನುಣುಪಾಗಿ ಸೋಸಿ, ಅದರಿಂದ ಬೇರೆ ಕೋಳಿಗಳಲ್ಲಿ ಗಡ್ಡೆ ಬರಿಸಿದರು. ಅದಕ್ಕೆ ನೊಬೆಲ್ ಗೌರವ ದೊರೆತದ್ದು 1966ರಲ್ಲಿ. ನಮ್ಮ ಕೈಕಾಲುಗಳಲ್ಲಿ ಏಳುವ ನರಹುಲಿಗೆ ಪ್ಯಾಪಿಲೋಮ ಎಂಬ ವೈರಸ್ಸು ಕಾರಣ. ಇದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳುಂಟು. ಹಲವು ಬಗೆಗಳು ಆರೋಗ್ಯವಂತರ ಚರ್ಮದ ಮೇಲೆ ಸದ್ದಿಲ್ಲದೆ ಬಾಳುತ್ತವೆ.

ಆದರೆ ಕೆಲವರಲ್ಲಿ ಅವು ಸುಮ್ಮನಿರುವುದಿಲ್ಲ. ಲೆವಾಂಡೊವ್ಸ್ಕಿ ಮತ್ತು ಲುಟ್ಸ್ ಎಂಬ ವೈದ್ಯರು 1922ರಲ್ಲಿ ಒಂದು ಅಪರೂಪದ ರೋಗವನ್ನು ವರ್ಣಿಸಿದರು. ಬಾಲ್ಯದಲ್ಲಿಯೇ ಮೈತುಂಬ ಚಪ್ಪಟೆ ನರಹುಲಿಗಳೂ ಚಿಬ್ಬಿನಂಥ ಮಚ್ಚೆಗಳೂ ಏಳುತ್ತವೆ, ಔಷಧಿಗೆ ಬಗ್ಗುವುದಿಲ್ಲ. ಇದನ್ನು ತರುವುದು ಅದೇ ಸಾಧು ವೈರಸ್ಸುಗಳು, ವಿಶೇಷವಾಗಿ 5 ಮತ್ತು 8ನೆಯ ಬಗೆಯವು. ವಯಸ್ಸು ಮೂವತ್ತು ನಲವತ್ತು ದಾಟುವ ಹೊತ್ತಿಗೆ ಇಂಥವರಲ್ಲಿ ಅನೇಕರಿಗೆ ಕ್ಯಾನ್ಸರ್ ತಲೆದೋರುತ್ತದೆ. ಅದು ಹೆಚ್ಚಾಗಿ ಹಣೆ, ಮುಖ, ಕೈಗಳಲ್ಲಿ, ಎಂದರೆ ಬಿಸಿಲು ತಾಕುವಲ್ಲಿ. ಬಟ್ಟೆಯ ಮರೆಯಲ್ಲಿರುವ ನರಹುಲಿ ಸಾಮಾನ್ಯವಾಗಿ ನರಹುಲಿಯಾಗಿಯೇ ಉಳಿಯುತ್ತದೆ. ವೈರಸ್ಸು, ಬಿಸಿಲು ಎರಡೂ ಕೈಗೂಡಿಸುವ ಬಗೆ ಇಲ್ಲಿ ಸ್ಪಷ್ಟ. ಬಿಸಿಲಿನಿಂದ ಕೆಟ್ಟ ಕೋಶ ಸಾಯಬೇಕಾದ ಗಳಿಗೆಯಲ್ಲಿ ಈ ವೈರಸ್ಸಿನ ಪ್ರೋಟೀನೊಂದು ಆ ಸಾವನ್ನು ತಡೆಯುತ್ತದೆ. ಕೆಟ್ಟದ್ದು ಬದುಕಿ ಬೆಳೆಯುತ್ತದೆ. ಈ ರೋಗಕ್ಕೆ ಕಾರಣವಾದ ಎರಡು ಜೀನುಗಳ ದೋಷವನ್ನು 2002ರಲ್ಲಿ ಗುರುತಿಸಲಾಯಿತು.

ಹಾಗಾದರೆ ಚರ್ಮದ ವೈರಸ್ಸುಗಳನ್ನೆಲ್ಲ ತೊಡೆದುಹಾಕಿದರಾಯಿತಲ್ಲ ಎಂದು ಕೇಳುಗರು ಕೇಳಬಹುದು. ಬಾಸ್ಟನ್ನಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯೇ ಮಾತನ್ನು ಹೇಳಿದವು. ಪ್ಯಾಪಿಲೋಮ ವೈರಸ್ಸನ್ನು ಎದುರಿಸಿ ಪಳಗಿದ ಇಲಿಗಳಿಗೆ ಚರ್ಮದ ಕ್ಯಾನ್ಸರಿನಿಂದಲೂ ರಕ್ಷಣೆ ದೊರೆತಿತ್ತು. ಕಾವಲು ಗಟ್ಟಿಯಾಗಿದ್ದರೆ ವೈರಸ್ಸೇ ಅದಕ್ಕೆ ಸಾಣೆಕಲ್ಲು. ಕಾವಲು ಕುಸಿದಲ್ಲಿ ಅದೇ ಶತ್ರು. 2025ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವೈದ್ಯರು 34 ವರ್ಷದ ಮಹಿಳೆಯೊಬ್ಬರ ವೃತ್ತಾಂತವನ್ನು ಪ್ರಕಟಿಸಿದರು. ಆಕೆಯ ಹಣೆಯ ಕ್ಯಾನ್ಸರ್ ಎಷ್ಟು ಸಲ ತೆಗೆದರೂ ಮರಳುತ್ತಿತ್ತು. ಬಿಸಿಲಿನ ಹಾನಿಯನ್ನು ತಿದ್ದುವ ಶಕ್ತಿ ಸರಿಯಾಗಿಯೇ ಇತ್ತು; ಕೆಟ್ಟದ್ದು ರೋಗನಿರೋಧದ ಒಂದು ಜೀನು. ಆಕರಕೋಶಗಳ ಕಸಿಯಿಂದ ಹೊಸ ಕಾವಲು ಬಂದ ಮೇಲೆ ನರಹುಲಿಯೂ ಹೋಯಿತು, ಕ್ಯಾನ್ಸರೂ ಹೋಯಿತು.

ಮದುವೆಯ ಮಾತಿಗೆ ಬರುತ್ತೇನೆ. ಬಣ್ಣವಿಲ್ಲದಿರುವುದು, ತಿದ್ದುವ ಶಕ್ತಿ ಇಲ್ಲದಿರುವುದು, ಲೆವಾಂಡೊವ್ಸ್ಕಿ ಹೇಳಿದ ನರಹುಲಿ, ಈ ಮೂರೂ ಸಾಮಾನ್ಯವಾಗಿ ತಂದೆತಾಯಿಗಳಿಬ್ಬರಿಂದಲೂ ಒಂದೇ ಜೀನಿನ ದೋಷ ಬಂದಾಗಲೇ ಪ್ರಕಟವಾಗುವಂಥವು. ಒಬ್ಬರಿಂದ ಮಾತ್ರ ಬಂದರೆ ದೋಷ ಅಡಗಿಯೇ ಇರುತ್ತದೆ. ನಮ್ಮಲ್ಲಿ ಸೋದರಿಕೆಯ ಮದುವೆ ಬಹುಕಾಲದ ಬಳಕೆ. ಒಬ್ಬನಲ್ಲಿ ಅಡಗಿದ ದೋಷ ಅವನ ಅಕ್ಕನ ಮಗಳಲ್ಲೂ ಇರುವ ಸಂಭವ 4ರಲ್ಲಿ 1. ಸೋದರತ್ತೆಯ ಮಗಳಲ್ಲಿ 8ರಲ್ಲಿ 1. ಇಬ್ಬರಲ್ಲೂ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗದ ಸಂಭವ 4ರಲ್ಲಿ 1. ನಂಟಸ್ತಿಕೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮನೆತನದಲ್ಲಿ ಇಂಥ ಮಗು ಹುಟ್ಟಿದ್ದರೆ, ಮತ್ತೆ ಅಲ್ಲೇ ಸಂಬಂಧ ಬೆಳೆಸುವ ಮೊದಲು ಈ ಲೆಕ್ಕ ತಿಳಿದಿರಬೇಕು.

ದುಃಖದ ಸಂಗತಿಯೆಂದರೆ ಇಂಥ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಮನೆಯವರು ಮರೆಮಾಡುತ್ತಾರೆ. ಮಚ್ಚೆ ಕಂಡರೆ ತೊನ್ನೆಂದೋ ಕುಷ್ಠವೆಂದೋ ಊರು ಹೆಸರಿಟ್ಟೀತೆಂಬ ಭಯ. ತೊನ್ನು ಅಂಟುವ ರೋಗವೇ ಅಲ್ಲ. ಕುಷ್ಠಕ್ಕೆ ಪೂರ್ಣ ಗುಣವಾಗುವ ಚಿಕಿತ್ಸೆ ಉಂಟು. ಮುಚ್ಚಿಟ್ಟ ಮಚ್ಚೆಯಲ್ಲಿ ಬೇಗ ಕಂಡು ಕತ್ತರಿಸಿ ತೆಗೆಯಬಹುದಾಗಿದ್ದ ಕ್ಯಾನ್ಸರ್ ಬೇರೂರುತ್ತದೆ.

ಆದ್ದರಿಂದ ಹೊಲದ ದುಡಿಮೆಗೆ ಹೆದರಬೇಕಿಲ್ಲ. ಬಣ್ಣವಿಲ್ಲದೆ ಹುಟ್ಟಿದ ಮಗುವಿಗೆ ಅಗಲ ಅಂಚಿನ ಟೊಪ್ಪಿಗೆ, ತುಂಬು ತೋಳಿನ ಅಂಗಿ, ಶಾಲೆಯಲ್ಲಿ ನೆರಳಿನ ಜಾಗ ಬೇಕು. ವರ್ಷಗಟ್ಟಲೆ ಹೋಗದ, ಮೈತುಂಬ ಹರಡುವ ಚಪ್ಪಟೆ ನರಹುಲಿಯನ್ನು ಚರ್ಮವೈದ್ಯರಿಗೆ ತೋರಿಸಬೇಕು. ಮೂತ್ರಪಿಂಡದ ಕಸಿಯಾಗಿ ದೇಹದ ಕಾವಲನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಚರ್ಮವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು. ನಮ್ಮಂಥ ಕಪ್ಪು ಚರ್ಮದವರಲ್ಲಿ ಬಿಸಿಲು ಕಾಣದ ಜಾಗದಲ್ಲೂ ಈ ರೋಗ ಹುಟ್ಟುವುದುಂಟು. ಹಳೆಯ ಸುಟ್ಟಗಾಯದ ಕಲೆಯಲ್ಲಿ ಹೊಸದಾಗಿ ಎದ್ದ ಹುಣ್ಣು, ಅಂಗಾಲಿನಲ್ಲಿ ಬೆಳೆಯುತ್ತಿರುವ ಕಪ್ಪು ಮಚ್ಚೆ, ತಿಂಗಳು ಕಳೆದರೂ ಮಾಯದ ಗಾಯ, ಇವು ಯಾವುದನ್ನೂ ನಾಳೆಗೆ ತಳ್ಳಬಾರದು. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಆಡೂರಿನಿಂದ ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿಯೇ ಇದೆ.