ಜಾಣ ಯಂತ್ರವೂ ಅಂಗಸಾಧನೆಯೂ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಪರಸ್ಥಳದಲ್ಲಿ ಮೂಲಧನವೆಂದರೆ ಗಟ್ಟಿಯಾದ ಮೈಯೊಂದೇ. ಹೋಟೆಲಿನಲ್ಲಿ ದಿನವಿಡೀ ನಿಂತು ದುಡಿಯುವವನ ಸೊಂಟ ಹಿಡಿದರೆ ಊರಿಗೆ ಹೋಗುವ ಹಣವೂ ನಿಲ್ಲುತ್ತದೆ; ಕಚೇರಿಯಲ್ಲಿ ದಿನವಿಡೀ ಕುಳಿತಿರುವ ಗುಮಾಸ್ತನ ತೊಡೆ ಬೆನ್ನುಗಳು ಅವನಿಗರಿವಿಲ್ಲದೆಯೇ ಸೊರಗುತ್ತವೆ. ಮಧ್ಯವಯಸ್ಸು ಸಮೀಪಿಸಿದಂತೆ, ಬಳಸದ ಮಾಂಸಖಂಡವು ಮೆಲ್ಲಮೆಲ್ಲನೆ ಕರಗುವುದೆಂಬುದು ವೈದ್ಯಶಾಸ್ತ್ರವು ಒಪ್ಪಿದ ಮಾತು. ಆದುದರಿಂದ ಮನೆಯಲ್ಲಿಯೇ ಶಕ್ತಿ ಬೆಳೆಸಿಕೊಡುವೆವೆಂದು ಸಾರುವ ‘ಸ್ಮಾರ್ಟ್ ಜಿಮ್’ ಯಂತ್ರಗಳ ಗುಟ್ಟೇನೆಂಬುದನ್ನು ನಾವು ತಿಳಿಯುವುದು ಉಚಿತ.

ಅಮೆರಿಕದಲ್ಲಿ 2018ರಲ್ಲಿ ಮಾರುಕಟ್ಟೆಗೆ ಬಂದ ‘ಟೋನಲ್’ ಈ ಬಗೆಯ ಯಂತ್ರಗಳಲ್ಲಿ ಪ್ರಸಿದ್ಧವಾದುದು. ಗೋಡೆಗೆ ಬಿಗಿಯುವ ಈ ಯಂತ್ರದಲ್ಲಿ ಕಬ್ಬಿಣದ ತೂಕದ ಬಿಲ್ಲೆಗಳಿಲ್ಲ. ವಿದ್ಯುತ್ಕಾಂತದ ಬಲದಿಂದ ಮೋಟರು ಎರಡು ಹಗ್ಗಗಳನ್ನು ಬಿಗಿಹಿಡಿಯುತ್ತದೆ. ಆ ಹಿಡಿತವನ್ನು ಮೀರಿ ಎಳೆಯುವುದೇ ವ್ಯಾಯಾಮ. ಮೊದಲ ಮಾದರಿಯಲ್ಲಿ ಎರಡು ಹಗ್ಗಗಳಿಗೂ ಸೇರಿ 200 ಪೌಂಡುಗಳ, ಅಂದರೆ ಸುಮಾರು 90 ಕಿಲೋಗಳ ಭಾರವಿತ್ತು. ಎಷ್ಟು ಸಲ ಎಳೆದಿರೆಂಬುದನ್ನು ಯಂತ್ರವೇ ಎಣಿಸಿ, ನೆನಪಿಟ್ಟು, ಮುಂದಿನ ಭಾರವನ್ನು ಸೂಚಿಸುತ್ತದೆ. ನಡುವೆ ಕೈ ಸೋತರೆ ತಾನೇ ಇಳಿಸುತ್ತದೆ. ಮೆಚ್ಚತಕ್ಕ ಕೌಶಲವೇ ಸರಿ. ಆದರೆ ಬಂದ ಹೊಸದರಲ್ಲಿ ಅದರ ಬೆಲೆ ಸುಮಾರು 3,000 ಡಾಲರು, ಎಂದರೆ ಅಂದಿನ ದರದಲ್ಲಿ ಎರಡು ಲಕ್ಷ ರೂಪಾಯಿಗೂ ಮಿಗಿಲು! ಮೇಲೆ ತಿಂಗಳ ಚಂದಾ ಬೇರೆ.

ಇಂಥ ವಸ್ತುಗಳ ಬಾಳಿಕೆ ಮಾರುವವನ ಲಾಭವನ್ನು ನಂಬಿಕೊಂಡಿದೆ. ವ್ಯಾಯಾಮ ಕಲಿಸುವ ‘ಮಿರರ್’ ಎಂಬ ಕನ್ನಡಿಯ ಕಂಪೆನಿಯನ್ನು ಲುಲುಲೆಮನ್ ಸಂಸ್ಥೆಯು 2020ರಲ್ಲಿ 50 ಕೋಟಿ ಡಾಲರು ಕೊಟ್ಟು ಕೊಂಡಿತು. 2023ರಲ್ಲಿ ಆ ಕನ್ನಡಿಯ ಮಾರಾಟವನ್ನೇ ನಿಲ್ಲಿಸುವುದಾಗಿ ಸಾರಿತು.

ಹಾಗಾದರೆ ಯಂತ್ರದೊಳಗಿನ ತತ್ವವೇನು? ಅದು ಹಳೆಯದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾವೈದ್ಯ ಥಾಮಸ್ ಡಿಲಾರ್ಮ್ ಎಂಬಾತನು ಗಾಯಾಳು ಸೈನಿಕರ ಬಡವಾದ ಕಾಲುಗಳಿಗೆ ಭಾರವನ್ನು ಕ್ರಮಕ್ರಮವಾಗಿ ಏರಿಸುತ್ತ ಬಲ ತರಿಸಿ, ಆ ವಿಧಾನವನ್ನು 1945ರಲ್ಲಿ ಪ್ರಕಟಿಸಿದನು. ಇಂದು ಮೈಗೆ ಒಗ್ಗಿದ್ದಕ್ಕಿಂತ ನಾಳೆ ತುಸು ಹೆಚ್ಚು ಕೇಳುವುದೇ ಅದರ ಸಾರ. ನಮ್ಮ ಗರಡಿಮನೆಯ ಉಸ್ತಾದರು ಕಣ್ಣಳತೆಯಿಂದಲೇ ನಡೆಸುತ್ತಿದ್ದ ಸಾಮು ಕೂಡ ಇದೇ. ಭಾರಿ ತೂಕವೇ ಬೇಕೆಂಬ ನಿಯಮವೂ ಇಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 49 ಜನ ಯುವಕರಿಗೆ 12 ವಾರ ಸಾಧನೆ ಮಾಡಿಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ, ಹಗುರ ಭಾರವನ್ನು ಹೆಚ್ಚು ಸಲ ಎತ್ತಿದವರಿಗೂ, ಹೆಚ್ಚು ಭಾರವನ್ನು ಕಡಿಮೆ ಸಲ ಎತ್ತಿದವರಿಗೂ ಮಾಂಸಖಂಡದ ಬೆಳವಣಿಗೆ ಹೆಚ್ಚುಕಡಿಮೆ ಒಂದೇ. ಇಬ್ಬರೂ ಕೈಸೋಲುವವರೆಗೆ ದುಡಿದಿದ್ದರು, ಅಷ್ಟೆ.

ಈ ತತ್ವಕ್ಕೆ ಖೋಲಿಯ ಮೂಲೆ ಸಾಕು. ಒಂದು ಲೀಟರು ನೀರು ಒಂದು ಕಿಲೋ ತೂಗುತ್ತದೆ. ಹಿಡಿಯುಳ್ಳ ಐದು ಲೀಟರಿನ ಖಾಲಿ ಡಬ್ಬವೊಂದಿದ್ದರೆ, ಅರ್ಧರ್ಧ ಲೀಟರಿನಂತೆ ಭಾರವನ್ನು ಏರಿಸಬಲ್ಲ ಯಂತ್ರ ಕೈಗೆ ಬಂದಂತೆಯೇ. ಕುರ್ಚಿಯ ಮೇಲೆ ಒಂದು ಕೈಯೂರಿ ಬಾಗಿ, ಇನ್ನೊಂದು ಕೈಯಿಂದ ಡಬ್ಬವನ್ನು ಪಕ್ಕೆಯವರೆಗೆ ಎಳೆದರೆ ಬೆನ್ನಿಗೆ ಬಲ. ಅದನ್ನು ಎದೆಗವಚಿಕೊಂಡು ಬಸ್ಕಿ ಹೊಡೆದರೆ ತೊಡೆಗೆ ಬಲ. ಎದೆಗೂ ತೋಳಿಗೂ ದಂಡ: ಮೊದಲು ಗೋಡೆಗೆ ಕೈಕೊಟ್ಟು, ಅನಂತರ ಅಲುಗಾಡದ ಮೇಜಿನಂಚಿಗೆ, ಕೊನೆಗೆ ನೆಲಕ್ಕೆ. ಒಂದೊಂದನ್ನೂ 8ರಿಂದ 12 ಸಲ, ಎರಡು ಮೂರು ಆವೃತ್ತಿ. ಎಲ್ಲ ಆವೃತ್ತಿಗಳಲ್ಲೂ 12 ಸಲೀಸಾದ ದಿನ ನೀರು ಅರ್ಧ ಲೀಟರು ಹೆಚ್ಚಲಿ. ಡಬ್ಬ ತುಂಬಿದ ಮೇಲೆ ಎತ್ತುವ ಸರದಿ ಹೆಚ್ಚಲಿ. ಲೆಕ್ಕವನ್ನು ಮೂರುಕಾಸಿನ ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಯಂತ್ರದ ನೆನಪಿನ ಶಕ್ತಿಯೂ ನಮ್ಮದಾಯಿತು. ವಾರಕ್ಕೆ ಎರಡು ದಿನವಾದರೂ ಇಂಥ ಸಾಧನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಎರಡು ಸಾಧನೆಗಳ ನಡುವೆ ಒಂದು ದಿನ ಬಿಡುವಿರಲಿ.

“ದಿನವೆಲ್ಲ ಪಾತ್ರೆ ಹೊರುವವನಿಗೆ ಇನ್ನೇಕೆ ವ್ಯಾಯಾಮ?” ಎಂದು ಹೋಟೆಲಿನ ಗೆಳೆಯರು ಕೇಳಬಹುದು. ದುಡಿಮೆಯಲ್ಲಿ ಅದೇ ಭಾರ, ಅದೇ ಕೈ, ಅದೇ ಬಾಗು ಮರಳಿ ಮರಳಿ ಬರುತ್ತವೆ. ಮೈ ದಣಿಯುತ್ತದೆ, ಒಗ್ಗಿದ ಬಲಕ್ಕಿಂತ ಮುಂದೆ ಹೋಗುವುದಿಲ್ಲ. ಸಾಧನೆಯಾದರೋ ಎರಡು ಪಕ್ಕಕ್ಕೂ ಸಮನಾಗಿ, ಅಳತೆಯಿಂದ ಏರುತ್ತದೆ. ಇಡೀ ದಿನ ನಿಂತು ಸೋತ ರಾತ್ರಿಯಲ್ಲಿ ಬೇಡ. ರಜೆಯ ದಿನವೋ, ಪಾಳಿಗೆ ಮುಂಚೆಯೋ ಇಪ್ಪತ್ತು ನಿಮಿಷ ಸಾಕು. ರಕ್ತದೊತ್ತಡ, ಹೃದ್ರೋಗ, ಹರ್ನಿಯಾ ಇದ್ದವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಭಾರ ಎತ್ತುವಾಗ ಉಸಿರು ಕಟ್ಟಬಾರದು. ಕೀಲಿನಲ್ಲಿ ಚುಚ್ಚಿದ ನೋವು ಬಂದರೆ ನಿಲ್ಲಿಸಬೇಕು.

ಯಂತ್ರಕ್ಕಿರುವ ಇನ್ನೊಂದು ಗುಣವೆಂದರೆ, ತಪ್ಪಿದ ದಿನ ಅದು ನೆನಪಿಸುತ್ತದೆ. ಆ ಕೆಲಸವನ್ನು ಜೊತೆಯಲ್ಲಿರುವ ಗೆಳೆಯನಿಗೆ ಒಪ್ಪಿಸೋಣ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು ನಮ್ಮ ಹಿರಿಯರು. ಅವರನ್ನು ದಡ ಮುಟ್ಟಿಸಿದ್ದು ದಿನದಿನವೂ ತಪ್ಪದೆ ಕೂತ ಅಭ್ಯಾಸ. ತೋಳಿನ ವಿದ್ಯೆಗೂ ಅದೇ ಶಾಲೆ, ಅದೇ ಪಾಠ.